ಕಂಪ್ಯೂಟರಿಗೆ ಇಂಗ್ಲಿಷ್ ಬರ್ತದೇನ್ರಿ?

ಸಿ ಭಾಷೆಯ ಪ್ರಶ್ನೆಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುವ ಎರಡು ಅಂಕದ ಪ್ರಶ್ನೆಯೊಂದಿದೆ: ಈ ಭಾಷೆಯನ್ನು ಯಾರು, ಎಲ್ಲಿ, ಯಾವಾಗ ರೂಪಿಸಿದರು? ಉತ್ತರ ಎಲ್ಲರಿಗೂ ಬಾಯಿಪಾಠ. ಡೆನಿಸ್ ರಿಚಿ, ಬೆಲ್ ಲ್ಯಾಬ್ಸ್, 1972. ವ್ಯಕ್ತಿಗೆ ಒಂದು ಅಂಕ, ಉಳಿದೆರಡಕ್ಕೆ ಅರ್ಧರ್ಧ. ಆತ ಯಾಕೆ ಈ ಕೆಲಸಕ್ಕೆ ಕೈಹಾಕಿದ, ಆಗ ಅವನ ಮುಂದೆ ಎಂಥ ಯಂತ್ರವಿತ್ತು, ಇನ್ನೊಂದು ಥರ ಮಾಡಬಹುದಿತ್ತೇ ಎಂಬುದಕ್ಕೆ ಅಂಕವಿಲ್ಲ. ಅಂಕವಿಲ್ಲದ್ದನ್ನು ಗೈಡಿನವರು ಅಚ್ಚು ಹಾಕುವುದಿಲ್ಲ.

ನಾನು ಸಿಂಧನೂರಿನ ಒಂದು ಕಾಲೇಜಿನಲ್ಲಿ ಬಿಸಿಎ ಮಕ್ಕಳಿಗೆ ಪಾಠ ಮಾಡುತ್ತೇನೆ. ತುರ್ವಿಹಾಳ, ಜವಳಗೇರಾ, ಮಸ್ಕಿ, ಮುದಗಲ್ ಕಡೆಯಿಂದ ಬೆಳಿಗ್ಗೆ ಬಸ್ಸು ಹಿಡಿದು ಬರುವವರೇ ಹೆಚ್ಚು. ಬಹುಪಾಲು ಮಂದಿ ಹತ್ತನೆಯ ತರಗತಿವರೆಗೆ ಕನ್ನಡ ಮಾಧ್ಯಮ. ಇವರು ಪ್ರೋಗ್ರಾಮನ್ನು ಮಗ್ಗಿಯಂತೆ ಕಲಿಯುತ್ತಾರೆ. ಏಳನೆಯ ನಂಬರಿನ ಪ್ರೋಗ್ರಾಮ್ ಎಂದರೆ ಸಾಕು, ಅರ್ಧವಿರಾಮ ಸಹಿತ ಬರೆದು ಕೊಡುತ್ತಾರೆ. ಅದರಲ್ಲೊಂದು ಕೂಡಿಸುವ ಗುರುತನ್ನು ಕಳೆಯುವ ಗುರುತು ಮಾಡಿ ಅಂದರೆ ಮಾತ್ರ ಮುಖ ಮುಖ ನೋಡುತ್ತಾರೆ. ಒಂದು ವರ್ಷ ದಸರಾ ರಜೆ ಮುಗಿಯುವ ಹೊತ್ತಿಗೆ ಇಬ್ಬರು ಕ್ಲಾಸಿಗೆ ಬರುವುದನ್ನೇ ಬಿಟ್ಟರು. ಯಾಕೆ ಎಂದು ವಿಚಾರಿಸಿದರೆ ಗೆಳೆಯರು ಹೇಳಿದ್ದು ಒಂದೇ ಮಾತು: "ಇಂಗ್ಲಿಷ್ ತಿಳಿಯವಲ್ದಂತ್ರಿ." ಅದೇ ವಾರ ಮಸ್ಕಿ ಕಡೆಯ ಹುಡುಗಿಯೊಬ್ಬಳು ಲ್ಯಾಬಿನಲ್ಲಿ ಎದ್ದು ನಿಂತು ಕೇಳಿದಳು. "ಮೇಡಂ, ಕಂಪ್ಯೂಟರಿಗೆ ಇಂಗ್ಲಿಷ್ ಬರ್ತದೇನ್ರಿ?"

ಹುಡುಗರು ನಕ್ಕರು. ನನಗೆ ನಗು ಬರಲಿಲ್ಲ. "ಇಲ್ಲವ್ವ, ಅದಕ್ಕ ಯಾವ ಭಾಷಾನೂ ಬರಂಗಿಲ್ಲ" ಎಂದು ಹೇಳುವುದು ಸುಲಭ, ಹೇಳಿದೆ ಕೂಡ. ಹಾಗಾದರೆ ಪರದೆಯ ಮೇಲೆ ಕಾಣುವುದೆಲ್ಲ ಇಂಗ್ಲಿಷ್ ಯಾಕೆ? ನಮ್ಮ ಅಕ್ಷರ ಟೈಪು ಮಾಡಿದರೆ ಆ ನೀಲಿ ಪರದೆಯಲ್ಲಿ ಬರೀ ಕಸ ಯಾಕೆ ಮೂಡುತ್ತದೆ? ಇದಕ್ಕೆ ಉತ್ತರ ಕೊಡಬೇಕಾದರೆ ಆ ಎರಡು ಅಂಕದ ಉತ್ತರವನ್ನು ಬಿಚ್ಚಬೇಕಿತ್ತು. ಸಿಲಬಸ್ಸಿನಲ್ಲಿ ಇಲ್ಲದ ಮೂರು ತಾಸು ಪಾಠ ಮಾಡಿದೆ, ಕನ್ನಡದಲ್ಲಿ. ಅಲ್ಲಿ ಹೇಳಿದ್ದನ್ನೂ ಹೇಳಲು ಸಮಯ ಸಾಲದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಕಥೆ ಶುರುವಾಗುವುದು ಸಿ ಭಾಷೆಯಿಂದಲ್ಲ, ಒಂದು ಸೋಲಿನಿಂದ. 1960ರ ದಶಕದ ನಡುವೆ ಎಂಐಟಿ, ಜನರಲ್ ಎಲೆಕ್ಟ್ರಿಕ್ ಕಂಪನಿ ಮತ್ತು ಬೆಲ್ ಲ್ಯಾಬ್ಸ್ ಮೂರೂ ಸೇರಿ ಮಲ್ಟಿಕ್ಸ್ ಎಂಬ ದೊಡ್ಡ ಕಾರ್ಯಾಚರಣಾ ವ್ಯವಸ್ಥೆ ಕಟ್ಟಲು ಹೊರಟಿದ್ದವು. ಕರೆಂಟು, ನೀರು ಮನೆಮನೆಗೆ ಬರುವ ಹಾಗೆ ಒಂದು ದೊಡ್ಡ ಯಂತ್ರದಿಂದ ನೂರಾರು ಜನರಿಗೆ ಏಕಕಾಲಕ್ಕೆ ಗಣಕಶಕ್ತಿ ಹರಿಯಬೇಕು ಎಂಬುದು ಆಸೆ. ಕೆಲಸ ಎಳೆಯಿತು, ಖರ್ಚು ಏರಿತು. 1969ರಲ್ಲಿ ಬೆಲ್ ಲ್ಯಾಬ್ಸ್ ಕೈತೊಳೆದುಕೊಂಡಿತು. ಅಲ್ಲಿ ದುಡಿಯುತ್ತಿದ್ದ ಕೆನ್ ಥಾಂಪ್ಸನ್, ಡೆನಿಸ್ ರಿಚಿ, ಡಗ್ ಮ್ಯಾಕಿಲ್‌ರಾಯ್, ಜೋ ಒಸಾನಾ ಮುಂತಾದವರಿಗೆ ನಷ್ಟವಾದದ್ದು ಯೋಜನೆಯೊಂದೇ ಅಲ್ಲ. ಹಲವರು ಒಂದೇ ಯಂತ್ರಕ್ಕೆ ಕೂತು, ಒಬ್ಬರ ಕೆಲಸ ಇನ್ನೊಬ್ಬರು ನೋಡುತ್ತ, ಒಡನಾಡುತ್ತ ಬರೆಯುವ ಸುಖವೂ ಹೋಯಿತು. ರಿಚಿ ಮುಂದೆ ಬರೆದ ನೆನಪುಗಳಲ್ಲಿ ಮುಖ್ಯವಾಗಿ ಹೇಳಿಕೊಂಡದ್ದು ಈ ಸಂಗಡವನ್ನೇ. ಹೊಸ ಯಂತ್ರ ಕೊಡಿಸಿ ಎಂದು ಅರ್ಜಿ ಹಾಕಿದರು. ಮೇಲಿನವರು ಕೊಡಲಿಲ್ಲ.

ಥಾಂಪ್ಸನ್ ಆಗ ಬಾಹ್ಯಾಕಾಶದಲ್ಲಿ ಗ್ರಹಗಳ ನಡುವೆ ನೌಕೆ ಓಡಿಸುವ ಒಂದು ಆಟ ಬರೆದುಕೊಂಡಿದ್ದರು. ದೊಡ್ಡ ಯಂತ್ರದಲ್ಲಿ ಅದನ್ನು ಒಮ್ಮೆ ಆಡಿದರೆ ಸುಮಾರು 75 ಡಾಲರಿನ ಯಂತ್ರಸಮಯ ಕರಗುತ್ತಿತ್ತು, ಚಿತ್ರವೂ ಕುಲುಕುತ್ತಿತ್ತು. ಹುಡುಕಿದಾಗ ಒಳ್ಳೆಯ ಪರದೆಯಿದ್ದ, ಹೆಚ್ಚು ಜನ ಬಳಸದ ಒಂದು ಪಿಡಿಪಿ-7 ಸಿಕ್ಕಿತು. ಅದರ ನೆನಪಿನ ಅಳತೆ 18 ಬಿಟ್ಟಿನ 8 ಸಾವಿರ ಚಿಲ್ಲರೆ ಪದಗಳು, ಈಗಿನ ಲೆಕ್ಕದಲ್ಲಿ ಸುಮಾರು 18 ಕಿಲೋಬೈಟ್. ನಮ್ಮ ಹುಡುಗರು ಬಸ್ಸಿನಲ್ಲಿ ಕೂತು ಕಳಿಸುವ ಒಂದು ಫೋಟೋಗೂ ಅದು ಸಾಲದು. ಆಟಕ್ಕೆಂದು ಬರೆದ ಉಪಕರಣಗಳ ಮೇಲೆ, ಮೊದಲೇ ಕಾಗದದಲ್ಲಿ ಯೋಚಿಸಿಟ್ಟಿದ್ದ ಕಡತವ್ಯವಸ್ಥೆಯನ್ನು ಥಾಂಪ್ಸನ್ ಕೂರಿಸಿದರು. ಆ ಬೇಸಿಗೆಯಲ್ಲಿ ಅವರ ಹೆಂಡತಿ ಬಾನಿ ಎಳೆಯ ಮಗನನ್ನು ಕರೆದುಕೊಂಡು ಕ್ಯಾಲಿಫೋರ್ನಿಯಾದಲ್ಲಿದ್ದ ಅತ್ತೆಮಾವಂದಿರಿಗೆ ಮಗುವನ್ನು ತೋರಿಸಿ ಬರಲು ಹೋದರು. ಖಾಲಿ ಮನೆಯ ಆ ದಿನಗಳಲ್ಲಿ ಕಾರ್ಯಾಚರಣಾ ವ್ಯವಸ್ಥೆಯ ತಿರುಳು, ಆಜ್ಞೆ ಓದುವ ಶೆಲ್, ಎಡಿಟರ್, ಅಸೆಂಬ್ಲರ್ ಒಂದೊಂದಕ್ಕೆ ಒಂದೊಂದು ವಾರ ಎಂದು ಥಾಂಪ್ಸನ್ ಲೆಕ್ಕ ಹಾಕಿ ಕೂತರು. ಈ ಕಥೆ ಹೇಳುವವರೆಲ್ಲ ಆ ವಾರಗಳನ್ನು ಹೊಗಳುತ್ತಾರೆ. ಮಕ್ಕಳು ಅಜ್ಜಿಯ ಮನೆಗೆ ಹೋದಾಗ ಮಾತ್ರ ನೋಟ್ಸ್ ಮುಗಿಸಿಕೊಳ್ಳುವ ನನಗೆ ಮೊದಲು ಕಾಣುವುದು ಮಗುವನ್ನು ಕಂಕುಳಲ್ಲಿಟ್ಟುಕೊಂಡು ದೇಶದ ಆ ತುದಿಗೆ ಹೊರಟ ಬಾನಿ.

1970ರಲ್ಲಿ ಬ್ರಯಾನ್ ಕರ್ನಿಹ್ಯಾನ್ ಈ ಪುಟ್ಟ ವ್ಯವಸ್ಥೆಗೆ ಹೆಸರು ಸೂಚಿಸಿದರು. ಅದು ಬಹುಮುಖದ ಮಲ್ಟಿಕ್ಸ್, ಇದು ಏಕಮುಖದ ಯುನಿಕ್ಸ್. ಅಣಕದ ಹೆಸರೇ ಉಳಿದುಕೊಂಡಿತು.

ನಮ್ಮ ಮಕ್ಕಳನ್ನು ಕಾಡುವ ಒಂದು ಸಂಗತಿ ಇಲ್ಲಿಯದೇ. ಯುನಿಕ್ಸ್ ಆಜ್ಞೆಗಳು ಎರಡೆರಡು ಅಕ್ಷರದವು: ಎಲ್‌ಎಸ್, ಸಿಪಿ, ಎಂವಿ, ಆರ್‌ಎಂ. ಇವು ತಮಗೆ ಗೊತ್ತಿಲ್ಲದ ಇಂಗ್ಲಿಷ್ ಪದಗಳಿರಬೇಕು ಎಂದು ಅವರು ಹೆದರುತ್ತಾರೆ. ಇಂಗ್ಲಿಷಿನವರಿಗೂ ಅವು ಪದಗಳಲ್ಲ! ಆಗ ಯಂತ್ರದ ಜೊತೆ ಮಾತಾಡುತ್ತಿದ್ದದ್ದು ಟೆಲಿಟೈಪ್ ಎಂಬ ಟೈಪ್‌ರೈಟರಿನಂಥ ಸಾಧನದ ಮೂಲಕ. ಕೀಲಿಗಳು ಗಟ್ಟಿ, ಬಲವಾಗಿ ಒತ್ತಬೇಕು. ಕಾಗದದ ಮೇಲೆ ಅದು ಕುಟ್ಟುತ್ತಿದ್ದದ್ದು ಸೆಕೆಂಡಿಗೆ ಹತ್ತೇ ಅಕ್ಷರ. ಬೆರಳು ನೋಯಬಾರದು, ಹೊತ್ತು ಹೋಗಬಾರದು ಎಂದು ಸ್ವರಗಳನ್ನೆಲ್ಲ ಕಿತ್ತುಹಾಕಿದರು. ಕಡತ ಸೃಷ್ಟಿಸುವ ಕರೆಗೆ 'ಕ್ರಿಯೇಟ್' ಎಂಬ ಪದದ ಕೊನೆಯ 'ಇ' ಬಿಟ್ಟು ಹೆಸರಿಟ್ಟರು. ಯುನಿಕ್ಸನ್ನು ಮತ್ತೊಮ್ಮೆ ಮಾಡುವುದಾದರೆ ಏನು ಬದಲಿಸುತ್ತೀರಿ ಎಂದು ಮುಂದೆ ಯಾರೋ ಕೇಳಿದಾಗ, ಆ 'ಇ'ಯನ್ನು ಸೇರಿಸುತ್ತೇನೆ ಎಂದರಂತೆ ಥಾಂಪ್ಸನ್. ಇದನ್ನು ಹೇಳಿದ ದಿನ ಹಿಂದಿನ ಬೆಂಚಿನ ಹುಡುಗನೊಬ್ಬ ನಿಟ್ಟುಸಿರು ಬಿಟ್ಟ. "ನಾವು ಬಿಟ್ರ ಸ್ಪೆಲ್ಲಿಂಗ್ ಮಿಸ್ಟೇಕ್, ಅವ್ರು ಬಿಟ್ರ ಕಮಾಂಡು ಏನ್ರಿ?" ಕ್ಲಾಸಿಗೆ ಕ್ಲಾಸೇ ನಕ್ಕಿತು. ಈ ಸಲ ನಾನೂ ನಕ್ಕೆ.

ಮುಂದಿನ ಯಂತ್ರ ಸಿಕ್ಕ ಬಗೆಯೂ ಸ್ವಾರಸ್ಯ. ಕಾರ್ಯಾಚರಣಾ ವ್ಯವಸ್ಥೆ ಮಾಡುತ್ತೇವೆ ಅಂದರೆ ಮಲ್ಟಿಕ್ಸಿನ ಪೆಟ್ಟು ತಿಂದವರು ಕಾಸು ಬಿಚ್ಚುವುದಿಲ್ಲ. ಆದ್ದರಿಂದ ಬರಹ ತಿದ್ದಿ ಅಚ್ಚುಕಟ್ಟು ಮಾಡುವ ವ್ಯವಸ್ಥೆ ಬೇಕು ಎಂದು ಕೇಳಿದರು. 1970ರಲ್ಲಿ ಪಿಡಿಪಿ-11 ಬಂತು. ಬಂದದ್ದು ಬರೀ ಸಂಸ್ಕಾರಕ, ಡಿಸ್ಕ್ ಬರಲು ಇನ್ನೂ ಮೂರು ತಿಂಗಳು. ಅಲ್ಲಿವರೆಗೆ ಆ ಯಂತ್ರ ಮೂಲೆಯಲ್ಲಿ ಕೂತು, ಆರು–ಎಂಟರ ಚದುರಂಗದ ಹಾಸಿನಲ್ಲಿ ಕುದುರೆ ಎಲ್ಲ ಮನೆಗಳನ್ನೂ ಒಮ್ಮೊಮ್ಮೆ ಮುಟ್ಟಿ ಹೊರಟಲ್ಲಿಗೆ ಮರಳುವ ದಾರಿಗಳನ್ನು ಎಣಿಸುತ್ತಿತ್ತಂತೆ. ಡಿಸ್ಕ್ ಬಂದ ಮೇಲೆ ಅದರ ಪಾಲಿಗಿದ್ದದ್ದು 24 ಕಿಲೋಬೈಟ್ ನೆನಪು, ಅರ್ಧ ಮೆಗಾಬೈಟ್ ಡಿಸ್ಕ್. ಅಷ್ಟರಲ್ಲೇ ಬೆಲ್ ಲ್ಯಾಬ್ಸಿನ ಪೇಟೆಂಟ್ ವಿಭಾಗದ ಬೆರಳಚ್ಚುಗಾರರು ಅರ್ಜಿಗಳನ್ನು ಟೈಪು ಮಾಡಿದರು. ಯುನಿಕ್ಸ್ ಮಾಡಿದವರನ್ನು ಬಿಟ್ಟರೆ ಅದಕ್ಕೆ ಮೊದಲು ಕೈ ಹಚ್ಚಿದ ಬಳಕೆದಾರರು ಇವರೇ. ಸಿಂಧನೂರಿನ ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆ ಟೈಪು ಮಾಡುತ್ತ ಕೂತವರನ್ನು ಕಂಡಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ. ಮೊದಲ ಕೈಪಿಡಿಯ ಮೇಲಿರುವ ತಾರೀಖು 1971ರ ನವೆಂಬರ್ 3.

ಈಗ ಭಾಷೆಯ ವಿಷಯ. ಕೇಂಬ್ರಿಜ್‌ನ ಮಾರ್ಟಿನ್ ರಿಚರ್ಡ್ಸ್ ಮಾಡಿದ ಬಿಸಿಪಿಎಲ್ ಎಂಬ ಭಾಷೆಯನ್ನು ಹಿಂಡಿ, ಪಿಡಿಪಿ-7ಕ್ಕೆ ಹಿಡಿಸುವಷ್ಟು ಸಣ್ಣದು ಮಾಡಿ, ಥಾಂಪ್ಸನ್ ಬಿ ಎಂಬ ಭಾಷೆ ಮಾಡಿಕೊಂಡಿದ್ದರು. ಬಿ ಭಾಷೆಗೆ ಅಳತೆ ಒಂದೇ. ಎಲ್ಲವೂ ಯಂತ್ರದ ಒಂದು 'ಪದ'ದಷ್ಟು. ಕ್ಲಾಸಿನಲ್ಲಿ ಇದನ್ನು ಹೀಗೆ ಹೇಳಿದೆ: ನಮ್ಮಲ್ಲಿ ಭತ್ತಕ್ಕೆ 75 ಕಿಲೋ ಚೀಲ. ಊರಲ್ಲಿ ಚೀಲ ಬಿಟ್ಟು ಬೇರೆ ಅಳತೆಯೇ ಇಲ್ಲ ಅಂದುಕೊಳ್ಳಿ. ಹಿಡಿ ಕಾಳು ಕೊಡಬೇಕಾದರೂ ಚೀಲದ ಬಾಯಿ ಬಿಚ್ಚಿ, ಒಳಗೆ ಕೈಹಾಕಿ, ತೆಗೆದು, ಮತ್ತೆ ಹೊಲಿಯಬೇಕು. ಬಿ ಭಾಷೆಯಲ್ಲಿ ಒಂದು ಅಕ್ಷರ ತೆಗೆಯುವ ಪಾಡು ಹೀಗಿತ್ತು. ಕರ್ನಿಹ್ಯಾನ್ ಬರೆದ ಬಿ ಪಾಠದ ಉದಾಹರಣೆಯೊಂದರಲ್ಲಿ, ಇವತ್ತು ಜಗತ್ತಿನ ಮಕ್ಕಳೆಲ್ಲ ಮೊದಲ ದಿನ ಅಚ್ಚು ಹಾಕುವ ಆ 'ಹಲೋ, ವರ್ಲ್ಡ್' ಮೂರು ತುಂಡಾಗಿದೆ. ಒಂದು ಪದದೊಳಗೆ ನಾಲ್ಕೇ ಅಕ್ಷರ ಹಿಡಿಯುತ್ತಿದ್ದವು, ಅದಕ್ಕೆ.

ಪಿಡಿಪಿ-11 ಬಂದಾಗ ಈ ಅಳತೆ ಕೆಟ್ಟಿತು. ಅದು ಚೀಲದ ಜೊತೆಗೆ ಸೇರನ್ನೂ ಗುರುತಿಸುತ್ತಿತ್ತು, ಅಂದರೆ ಪ್ರತಿಯೊಂದು ಬೈಟಿಗೂ ಪ್ರತ್ಯೇಕ ವಿಳಾಸ. ರಿಚಿ 1971ರಿಂದ ಬಿ ಭಾಷೆಗೆ ಬಗೆಗಳನ್ನು ಸೇರಿಸತೊಡಗಿದರು. ಸಂಖ್ಯೆಗೆ ಒಂದು ಬಗೆ, ಅಕ್ಷರಕ್ಕೆ 'ಕ್ಯಾರ್' ಎಂಬ ಇನ್ನೊಂದು. 1972ರ ಹೊತ್ತಿಗೆ ಅದು ಬೇರೆಯದೇ ಭಾಷೆಯಾಗಿ ಸಿ ಎನಿಸಿಕೊಂಡಿತು. ಅದೇ ವರ್ಷ ಥಾಂಪ್ಸನ್ ಯುನಿಕ್ಸಿನ ತಿರುಳನ್ನು ಸಿ ಭಾಷೆಯಲ್ಲಿ ಬರೆಯಲು ಹೋಗಿ ಕೈಚೆಲ್ಲಿದರು. ಬೇರೆ ಬೇರೆ ಬಗೆಯ ಮಾಹಿತಿಯನ್ನು ಒಂದೇ ಗಂಟಲ್ಲಿ ಕಟ್ಟುವ 'ಸ್ಟ್ರಕ್ಟ್' ಆಗ ಸಿ ಭಾಷೆಯಲ್ಲಿ ಇರಲಿಲ್ಲ. ರಿಚಿ ಅದನ್ನು ಸೇರಿಸಿದ ಮೇಲೆ 1973ರ ಬೇಸಿಗೆಯಲ್ಲಿ ತಿರುಳು ಸಿ ಭಾಷೆಗೆ ಬಂತು. ನಮ್ಮ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದೂ ಅದೇ ವರ್ಷ ಎಂದು ನೆನಪಿಟ್ಟುಕೊಂಡರೆ ಇಸವಿ ಮರೆಯುವುದಿಲ್ಲ. ಪರೀಕ್ಷೆಯಲ್ಲಿ ಕೇಳುವ 'ಸ್ಟ್ರಕ್ಚರ್ ಎಂದರೇನು' ಎಂಬುದರ ಹಿಂದೆ ಒಂದು ವರ್ಷ ಕೆಲಸ ನಿಂತುಹೋದವರ ತಾಪತ್ರಯ ಇದೆ ಎಂದಾಗ ಮಕ್ಕಳ ಮುಖ ಬದಲಾಗುತ್ತದೆ. ವ್ಯಾಖ್ಯೆ ಹೇಳಿದರೆ ಹಾಗಾಗುವುದಿಲ್ಲ.

ಅದೇ 1973ರಲ್ಲಿ ಯುನಿಕ್ಸಿಗೆ ಪೈಪ್ ಬಂತು. ನನಗೆ ಅತಿ ಪ್ರಿಯವಾದ ಭಾಗ ಇದು. ಪ್ರೋಗ್ರಾಮುಗಳನ್ನು ತೋಟದ ನೀರಿನ ಕೊಳವೆಯ ಹಾಗೆ ಒಂದಕ್ಕೊಂದು ತಿರುಗಿಸಿ ಜೋಡಿಸುವಂತಿರಬೇಕು ಎಂದು ಮ್ಯಾಕಿಲ್‌ರಾಯ್ 1964ರಲ್ಲೇ ಟಿಪ್ಪಣಿ ಬರೆದಿಟ್ಟಿದ್ದರು. ವರ್ಷಗಟ್ಟಲೆ ಬೆನ್ನುಬಿದ್ದರು. ಕಡೆಗೆ ಥಾಂಪ್ಸನ್ ಒಂದೇ ರಾತ್ರಿಯಲ್ಲಿ ಮಾಡಿ ಮುಗಿಸಿದರು. ಒಂದು ಪ್ರೋಗ್ರಾಮ್ ಹೊರಹಾಕಿದ್ದು ಇನ್ನೊಂದಕ್ಕೆ ನೇರ ಹರಿಯುತ್ತದೆ. ಹೆಸರು ತೆಗೆಯುವುದು ಒಂದು, ವಿಂಗಡಿಸುವುದು ಒಂದು, ಎಣಿಸುವುದು ಇನ್ನೊಂದು. ಯಾವುದೂ ಮತ್ತೊಂದರ ಸಂಸಾರಕ್ಕೆ ತಲೆಹಾಕುವುದಿಲ್ಲ.

ನಮ್ಮ ಮಕ್ಕಳಿಗೆ ಪೈಪ್ ಅರ್ಥವಾಗಲು ಅಮೆರಿಕದ ತೋಟ ಬೇಕಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆ, ಅದರ ಉಪಕಾಲುವೆ, ಅದರ ತೂಬು, ಅಲ್ಲಿಂದ ಹೊಲದ ಕಾಲುವೆ. ಉಪಕಾಲುವೆಗಳನ್ನು ನಾವು ನಂಬರಿನಿಂದಲೇ ಕರೆಯುತ್ತೇವೆ, ಅಸೆಂಬ್ಲಿ ಭಾಷೆಯ ವಿಳಾಸದ ಹಾಗೆ. ನನ್ನ ಅಪ್ಪನ ಹೊಲ ಕಾಲುವೆಯ ಕೊನೆ ಭಾಗದ್ದು. "ಮ್ಯಾಲಿನವ್ರು ಬಿಟ್ರ ನಮಗ, ಇಲ್ಲಂದ್ರ ಮುಗಿಲಿಗೆ" ಎನ್ನುವುದು ಅಪ್ಪನ ಮಾತು. ಪೈಪಿನಲ್ಲಿ ಇದಕ್ಕೊಂದು ನಿಯಮವಿದೆ. ಕೊಳವೆ ತುಂಬಿದರೆ ಮೇಲಿನ ಪ್ರೋಗ್ರಾಮನ್ನು ವ್ಯವಸ್ಥೆಯೇ ನಿಲ್ಲಿಸುತ್ತದೆ, ಕೆಳಗಿನದು ಓದಿ ಜಾಗ ಮಾಡುವವರೆಗೆ. ಕೊಳವೆ ಬರಿದಾದರೆ ಕೆಳಗಿನದು ಕಾಯುತ್ತದೆ. ಎರಡಕ್ಕೂ ಕಾಯುವ ಸರದಿ ಇದೆ. ಒಮ್ಮೆ ಇದನ್ನು ಅಪ್ಪನಿಗೆ ವಿವರಿಸಿದೆ. ಪೂರ್ತಿ ಕೇಳಿ ಅಂದರು, "ಅಂದ್ರ ಮ್ಯಾಲಿನವ್ನೂ ಕಾಯ್ತಾನ? ಆ ಎಂಜಿನಿಯರನ್ನ ನಮ್ಮ ಕಾಲುವಿಗೆ ಹಾಕ್ಸವ್ವ."

ಸಿ ಭಾಷೆಯಲ್ಲಿ ಬರೆದದ್ದರಿಂದ ಆದ ದೊಡ್ಡ ಲಾಭ ನಾಲ್ಕು ವರ್ಷ ಬಿಟ್ಟು ಕಂಡಿತು. ಅಲ್ಲಿವರೆಗೆ ಕಾರ್ಯಾಚರಣಾ ವ್ಯವಸ್ಥೆ ಎಂದರೆ ಆಯಾ ಯಂತ್ರದ ಅಸೆಂಬ್ಲಿಯಲ್ಲೇ ಬರೆದದ್ದು ಹೆಚ್ಚು. ಯಂತ್ರ ಹಳತಾದರೆ ಅದರ ಜೊತೆ ಬರಹವೂ ಮಣ್ಣುಪಾಲು. 1977ರಲ್ಲಿ ಬೆಲ್ ಲ್ಯಾಬ್ಸಿನಲ್ಲಿ ಸ್ಟೀವ್ ಜಾನ್ಸನ್ ಮತ್ತು ರಿಚಿ, ಆಸ್ಟ್ರೇಲಿಯಾದ ವೊಲೊಂಗಾಂಗ್‌ನಲ್ಲಿ ರಿಚರ್ಡ್ ಮಿಲ್ಲರ್, ಹೀಗೆ ಎರಡು ಕಡೆ ಬೇರೆ ಬೇರೆಯಾಗಿ ಯುನಿಕ್ಸನ್ನು ಪಿಡಿಪಿ-11ರಿಂದ ಎತ್ತಿ ಪೂರ್ತಿ ಬೇರೆ ಜಾತಿಯ ಇಂಟರ್‌ಡೇಟಾ ಯಂತ್ರಗಳ ಮೇಲೆ ಕೂರಿಸಲಾಯಿತು. ಇದು ಯಾಕೆ ದೊಡ್ಡದು ಎಂದು ಹೇಳಲು ನನಗೆ ಒದಗಿ ಬಂದದ್ದು ಮಸ್ಕಿಯ ಬಂಡೆ. 1915ರಲ್ಲಿ ಚಿನ್ನ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರಿನ ಕಣ್ಣಿಗೆ ಬಿದ್ದ ಆ ಶಾಸನದಲ್ಲಿ ಅಶೋಕ ಎಂಬ ಹೆಸರೇ ಇತ್ತು. ಅಲ್ಲಿವರೆಗೆ ಸಿಕ್ಕವುಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಷ್ಟೇ ಇದ್ದವು. ಅದು ಎಲ್ಲರಿಗೂ ಗೊತ್ತು, ಅದಕ್ಕೂ ಎರಡು ಅಂಕ. ನನಗೆ ಬೇಕಾದದ್ದು ಬೇರೆ. ಹೆಚ್ಚುಕಡಿಮೆ ಅದೇ ಒಕ್ಕಣೆ ಕೊಪ್ಪಳದ ಗವಿಮಠದಲ್ಲಿದೆ, ಪಾಲ್ಕಿಗುಂಡಿನಲ್ಲಿದೆ, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿದೆ. ಕಲ್ಲು ಬೇರೆ, ಕೆತ್ತಿದವರು ಬೇರೆ, ಅಲ್ಲಲ್ಲಿ ಮಾತು ಕೊಂಚ ಬೇರೆ, ಸಂದೇಶ ಒಂದೇ. ಬ್ರಹ್ಮಗಿರಿಯಲ್ಲಂತೂ ಬರೆದ ಲಿಪಿಕಾರ ತನ್ನ ಹೆಸರನ್ನೂ ಬಿಟ್ಟು ಹೋಗಿದ್ದಾನೆ, ಚಪಡ ಎಂದು. 'ಲಿಪಿಕಾರ' ಎಂಬುದನ್ನು ಮಾತ್ರ ವಾಯವ್ಯ ದಿಕ್ಕಿನ ಖರೋಷ್ಠಿ ಲಿಪಿಯಲ್ಲಿ ಬಲದಿಂದ ಎಡಕ್ಕೆ ಬರೆದಿದ್ದಾನೆ. ಕೋಡಿನ ತಲೆಯ ಮೇಲೆ ಟಿಪ್ಪಣಿಯಾಗಿ ಹೆಸರು ಹಾಕಿಕೊಳ್ಳುವ ಪ್ರೋಗ್ರಾಮರಿಗಿಂತ ಇವನೇನು ಬೇರೆಯಲ್ಲ.

ಯುನಿಕ್ಸ್ ಹರಡಿದ್ದಕ್ಕೆ ಕಾನೂನೂ ಒಂದು ಕಾರಣ. ಬೆಲ್ ಲ್ಯಾಬ್ಸಿನ ಒಡೆಯ ಎಟಿ ಅಂಡ್ ಟಿ ಟೆಲಿಫೋನು ಬಿಟ್ಟು ಬೇರೆ ವ್ಯಾಪಾರಕ್ಕೆ ಇಳಿಯಬಾರದೆಂದು 1956ರಲ್ಲೇ ನ್ಯಾಯಾಲಯದ ಒಪ್ಪಂದವಾಗಿತ್ತು. ಮಾರುವಂತಿಲ್ಲವಾದ್ದರಿಂದ ವಿಶ್ವವಿದ್ಯಾಲಯಗಳಿಗೆ ಅತ್ಯಲ್ಪ ಬೆಲೆಗೆ, ಮೂಲ ಬರಹದ ಸಮೇತ ಕೊಟ್ಟರು. ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಜಾನ್ ಲಯನ್ಸ್ ಎಂಬ ಮೇಷ್ಟ್ರು ಆರನೆಯ ಆವೃತ್ತಿಯ ತಿರುಳಿನ ಸುಮಾರು ಒಂಬತ್ತು ಸಾವಿರ ಸಾಲನ್ನು ಅಚ್ಚು ಹಾಕಿಸಿ, ಸಾಲು ಹಿಡಿದು ವ್ಯಾಖ್ಯಾನ ಬರೆದು 1977ರ ಹೊತ್ತಿಗೆ ಮಕ್ಕಳಿಗೆ ಕೊಟ್ಟರು. ಏಳನೆಯ ಆವೃತ್ತಿ ಬಂದಾಗ ಕಂಪನಿಯ ಪರವಾನಗಿ ಬದಲಾಗಿ, ಮೂಲ ಬರಹವನ್ನು ತರಗತಿಯಲ್ಲಿ ಕಲಿಸಕೂಡದು ಎಂದಾಯಿತು. ಆಮೇಲೆ ಆ ಪುಸ್ತಕ ಝೆರಾಕ್ಸಿನ ಝೆರಾಕ್ಸಿನ ಝೆರಾಕ್ಸಾಗಿ ಲೋಕ ಸುತ್ತಿತು. ಅಧಿಕೃತವಾಗಿ ಪುಸ್ತಕವಾದದ್ದು 1996ರಲ್ಲಿ. ಪರೀಕ್ಷೆಯ ಹಿಂದಿನ ಸಂಜೆ ಝೆರಾಕ್ಸ್ ಅಂಗಡಿಯ ಮುಂದೆ ಕ್ಯೂ ನಿಲ್ಲುವ ನನ್ನ ಮಕ್ಕಳಿಗೆ ಈ ಕಥೆ ಬಲು ಇಷ್ಟವಾಯಿತು. ಝೆರಾಕ್ಸ್ ಮಾಡಿಸಿದ್ದನ್ನು ಅವರು ಓದಿದ್ದರು ಕೂಡ, ಎಂದು ಸೇರಿಸಬೇಕಾಯಿತು.

ಇಷ್ಟಾದ ಮೇಲೆ ಮಸ್ಕಿಯ ಹುಡುಗಿಯ ಪ್ರಶ್ನೆ. ಸಿ ಭಾಷೆಯಲ್ಲಿ 'ಕ್ಯಾರ್' ಎಂದರೆ ಒಂದು ಬೈಟ್, ಅಕ್ಷರವೆಂದರೆ ಒಂದು ಬೈಟ್ ಎಂಬ ಲೆಕ್ಕ. ಆ ಯಂತ್ರದಲ್ಲಿ ಬೈಟಿಗೆ ಎಂಟು ಬಿಟ್ಟು. ಅಕ್ಷರಗಳಿಗೆ ಅವರು ಬಳಸಿದ್ದು 1960ರ ದಶಕದಲ್ಲಿ ಗೊತ್ತುಮಾಡಿದ ಆಸ್ಕಿ ಪಟ್ಟಿ. ಅದರಲ್ಲಿ ಇರುವುದು 128 ಮನೆ ಮಾತ್ರ: ಇಂಗ್ಲಿಷಿನ ದೊಡ್ಡ ಅಕ್ಷರ, ಸಣ್ಣ ಅಕ್ಷರ, ಅಂಕಿ, ಕೆಲವು ಗುರುತು. ನ್ಯೂಜೆರ್ಸಿಯಲ್ಲಿ ಪೇಟೆಂಟ್ ಅರ್ಜಿ ಟೈಪು ಮಾಡುವವರಿಗೆ ಅಷ್ಟು ಸಾಕಿತ್ತು. ಕನ್ನಡವನ್ನು ಹೊರಗಿಡಬೇಕೆಂದು ಯಾರೂ ಕೂತು ನಿರ್ಧರಿಸಲಿಲ್ಲ. ಆ ಮೇಜಿನ ಸುತ್ತ ನಾವು ಇರಲಿಲ್ಲ, ಅಷ್ಟೇ. ಆದರೆ ಆ ಅಳತೆಯ ಮೇಲೆ ಮುಂದಿನ ಎರಡು ದಶಕದ ಕಟ್ಟಡ ಎದ್ದಿತು, ಕಟ್ಟಡದೊಳಗೆ ನಮಗೆ ಕೋಣೆ ಇರಲಿಲ್ಲ.

ಆಗ ನಾವು ಮಾಡಿದ್ದು ಬಾಡಿಗೆ ಮನೆ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಮನೆಗಳಲ್ಲಿ ಕನ್ನಡದ ಚಿತ್ರ ಕೂರಿಸಿದ ಫಾಂಟುಗಳು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ನಿಜರೂಪ ದರ್ಶನ. 'ಕನ್ನಡ' ಎಂಬ ಪದವಿದ್ದ ಜಾಗದಲ್ಲಿ ಇಂಗ್ಲಿಷಿನ ಪಿ, ತಲೆಯ ಮೇಲೆ ಗೆರೆ ಹೊತ್ತ ಎ, ಪೌಂಡಿನ ಗುರುತು, ಜರ್ಮನ್ನರ ಒಂದು ಅಕ್ಷರ. ಡಿಟಿಪಿಯವರು ಬೇರೆ ಊರಿಗೆ ಕಳಿಸಿದ ಲಗ್ನಪತ್ರಿಕೆ ಹೀಗೆ ಪೌಂಡು ಲೆಕ್ಕದಲ್ಲಿ ತೆರೆದುಕೊಂಡದ್ದನ್ನು ನಮ್ಮ ವಯಸ್ಸಿನವರೆಲ್ಲ ಕಂಡಿದ್ದೇವೆ. 1991ರಲ್ಲಿ ಬಂದ ಯುನಿಕೋಡ್, ಭಾರತೀಯ ಭಾಷೆಗಳಿಗೆ ಇಲ್ಲಿಯೇ ರೂಪುಗೊಂಡಿದ್ದ ಇಸ್ಕಿ ಸಂಕೇತದ ಜೋಡಣೆಯನ್ನು ಅನುಸರಿಸಿ, ಕನ್ನಡಕ್ಕೆ ಸ್ವಂತ ವಿಳಾಸ ಕೊಟ್ಟಿತು. ಹತ್ತರ ಲೆಕ್ಕದಲ್ಲಿ 'ಕ' ಅಕ್ಷರದ ನಂಬರು 3221. ನಂಬರು ಸಿಕ್ಕಿತು ಸರಿ, ಅದನ್ನು ಒಂದು ಬೈಟಿನ ಲೋಕದಲ್ಲಿ ಹೇಗೆ ಸಾಗಿಸುವುದು?

ಇದನ್ನು ಬಿಡಿಸಿದವರಲ್ಲಿ ಒಬ್ಬರು ಅದೇ ಕೆನ್ ಥಾಂಪ್ಸನ್. 1992ರ ಸೆಪ್ಟೆಂಬರ್ ಸುಮಾರಿಗೆ ನ್ಯೂಜೆರ್ಸಿಯ ಒಂದು ಹೋಟೆಲಿನಲ್ಲಿ ರಾಬ್ ಪೈಕ್ ಜೊತೆ ಊಟಕ್ಕೆ ಕೂತು, ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ಬರೆದದ್ದು ಯುಟಿಎಫ್-8. ಉಪಾಯ ಇಷ್ಟು: 127ರವರೆಗಿನ ಬೈಟ್ ಹಳೆಯ ಅಕ್ಷರವೇ, ಅದನ್ನು ಮುಟ್ಟಬೇಡ. ಹೊಸ ಅಕ್ಷರಕ್ಕೆ ಒಂದಕ್ಕಿಂತ ಹೆಚ್ಚು ಬೈಟ್ ಕೊಡು, ಅವೆಲ್ಲವೂ 127ಕ್ಕಿಂತ ಮೇಲೇ ಇರಲಿ. ತಾವು ಒಟ್ಟು ಎಷ್ಟು ಮಂದಿ ಎಂಬುದನ್ನು ಮೊದಲನೆಯ ಬೈಟೇ ಹೇಳಲಿ. 'ಕ' ಹೀಗೆ 224, 178, 149 ಎಂಬ ಮೂರು ಬೈಟಾಗುತ್ತದೆ. ಸಿ ಭಾಷೆಯಲ್ಲಿ ಬರಹ ಮುಗಿಯಿತು ಎಂದು ಹೇಳುವುದು ಸೊನ್ನೆ, ಯುನಿಕ್ಸಿನಲ್ಲಿ ಕಡತದ ದಾರಿ ಬೇರ್ಪಡಿಸುವುದು ಓರೆಗೆರೆ. ಇವೆರಡೂ 127ರ ಕೆಳಗಿನವು, ಆದ್ದರಿಂದ ಕನ್ನಡ ಅಕ್ಷರದ ಹೊಟ್ಟೆಯಲ್ಲಿ ಎಂದೂ ಬರುವುದಿಲ್ಲ. ಹಾಗಾಗಿ ಕನ್ನಡವನ್ನು ಕನಸಿನಲ್ಲೂ ಕಾಣದ 1970ರ ದಶಕದ ಪ್ರೋಗ್ರಾಮುಗಳ ಮೂಲಕವೂ ಕನ್ನಡ ಒಡೆಯದೆ ಹರಿದು ಹೋಗಬಲ್ಲದು. ಮಕ್ಕಳ ಜೇಬಿನ ಆಂಡ್ರಾಯ್ಡ್ ಫೋನಿನಲ್ಲಿ ಇರುವುದೂ ಯುನಿಕ್ಸಿನ ಮಾದರಿಯಲ್ಲಿ, ಬಹುಪಾಲು ಸಿ ಭಾಷೆಯಲ್ಲಿ ಬರೆದ ಲಿನಕ್ಸ್ ತಿರುಳು. ಅದರ ಮೂಲಕ ಅವರು ದಿನಕ್ಕೆ ನೂರು ಸಲ ಕನ್ನಡ ಕಳಿಸುತ್ತಾರೆ.

ಇನ್ನೂ ಒಂದು ಹೇಳಿದೆ. 1999ರ ಸಿ ಪ್ರಮಾಣಗ್ರಂಥದ ಅನುಬಂಧದಲ್ಲಿ, ಚರಾಂಶಗಳಿಗೆ ಹೆಸರಿಡಲು ಬಳಸಬಹುದಾದ ಲಿಪಿಗಳ ಪಟ್ಟಿ ಇದೆ. ಅದರಲ್ಲಿ ಕನ್ನಡವಿದೆ. ಜಿಸಿಸಿ ಕಂಪೈಲರ್ ನೇರವಾಗಿ ಕನ್ನಡದಲ್ಲೇ ಬರೆದ ಹೆಸರು ಒಪ್ಪತೊಡಗಿದ್ದು 2020ರ ಹತ್ತನೆಯ ಆವೃತ್ತಿಯಿಂದ. ಲ್ಯಾಬಿನ ಎರಡು ಹಳೆಯ ಯಂತ್ರಗಳಿಗೆ ಲಿನಕ್ಸ್ ಹಾಕಿದೆವು. 'ಚೀಲ' ಎಂದೊಂದು ಚರಾಂಶ, 'ಧಾರಣೆ' ಎಂದೊಂದು, ಗುಣಿಸಿದರೆ 'ಮೊತ್ತ'. ಕಂಪೈಲರ್ ತಕರಾರು ಮಾಡಲಿಲ್ಲ. "ಅಂದ್ರ ಅದಕ್ಕ ಕನ್ನಡಾನೂ ಬರಂಗಿಲ್ಲ, ಇಂಗ್ಲಿಷೂ ಬರಂಗಿಲ್ಲ" ಎಂದಳು ಆ ಹುಡುಗಿ, ಯಾರಿಗೋ ತೀರ್ಪು ಕೊಟ್ಟವಳಂತೆ.

ಮುಂದಿನ ವಾರ ಬೇರೆಯದೇ ಗಲಾಟೆ. 'ಸಿಂಧನೂರು' ಎಂಬ ಪದದ ಉದ್ದ ಎಷ್ಟು ಎಂದು ಸಿ ಭಾಷೆಯ ಉದ್ದ ಅಳೆಯುವ ಕರೆಯನ್ನು ಕೇಳಿದ ಹುಡುಗರಿಗೆ ಬಂದ ಉತ್ತರ 24. ಯುನಿಕೋಡ್ ಲೆಕ್ಕದಲ್ಲಿ ಎಂಟು. ಒಂದನೆಯ ತರಗತಿಯ ಮಗುವಿನ ಲೆಕ್ಕದಲ್ಲಿ ನಾಲ್ಕು. ನಾಲ್ಕು ಎಂದು ಹೇಳುವ ಪ್ರೋಗ್ರಾಮ್ ಬರೆಯಬೇಕೆಂದು ಹಟ ಹಿಡಿದರು. ವ್ಯಂಜನ ಬಂದರೆ ಒಂದು ಕೂಡಿಸು, ಅದರ ಹಿಂದೆ ವಿರಾಮ ಚಿಹ್ನೆ ಇದ್ದರೆ ಕೂಡಿಸಬೇಡ, ಹೀಗೆ ನಿಯಮ ಹೊಸೆದರು. 'ಮಸ್ಕಿ' ಎರಡು ಬಂತು, 'ಸ್ತ್ರೀ' ಒಂದು ಬಂತು. ಚಪ್ಪಾಳೆ. ಆಮೇಲೆ ಒಬ್ಬ 'ಬಸ್' ಎಂದು ಹಾಕಿದ. ಎರಡು ಎಂದಿತು. ಎರಡು ಸರಿ ಎಂದು ಅರ್ಧ ಕ್ಲಾಸು, ಒಂದೇ ಎಂದು ಇನ್ನರ್ಧ. ಜಗಳ ಬಗೆಹರಿಯದೆ ಪಕ್ಕದ ಕೋಣೆಯ ಕನ್ನಡ ಮೇಷ್ಟ್ರನ್ನು ಕರೆತಂದರು. ಅವರು ಕಂಪ್ಯೂಟರ್ ಲ್ಯಾಬಿಗೆ ಕಾಲಿಟ್ಟಿದ್ದು ಅದೇ ಮೊದಲು. ಚಪ್ಪಲಿ ಹೊರಗೆ ಬಿಟ್ಟು ಬಂದು, ಹುಡುಗರ ವಾದವನ್ನೆಲ್ಲ ಕೇಳಿ, "ಎಣಿಸೋದು ಆಮೇಲೆ ಆತು, ಮಾತ್ರೆ ಹಾಕೀರೇನು?" ಎಂದರು. ಡಸ್ಟರ್ ತಗೊಂಡು ಬೋರ್ಡಿನ ಮೇಲಿದ್ದ ನನ್ನ ವೈಲ್ ಲೂಪನ್ನು ಅರ್ಧ ಒರೆಸಿ, ಸಿಂಧನೂರಿನ ನೆತ್ತಿಯ ಮೇಲೆ ಗುರು, ಲಘು, ಗುರು, ಲಘು ಎಂದು ಪ್ರಸ್ತಾರ ಹಾಕತೊಡಗಿದರು.